ತಂಪಣ್ಣ ಹೊರಗೆ ಬಿಟ್ಟ ಬಿಸಿ

ಅವನ ನಿಜವಾದ ಹೆಸರು ಹೇಳಿ ಕೂಗಿದರೆ ನಮ್ಮ ಬೀದಿಯಲ್ಲಿ ಒಬ್ಬರೂ ತಿರುಗಿ ನೋಡುವುದಿಲ್ಲ. ತಂಪಣ್ಣ ಅನ್ನಿ, ಬೀದಿಗೆ ಬೀದಿಯೇ ಕಿಟಕಿ ತೆರೆಯುತ್ತದೆ. ಏಸಿ ಮೆಕ್ಯಾನಿಕ್ಕು. ಹೆಗಲಲ್ಲಿ ಸುರುಳಿ ಸುತ್ತಿದ ತಾಮ್ರದ ಪೈಪು, ಬಾಯಲ್ಲಿ ಸದಾ ಒಂದು ಹಾಡು. ಮೇಲಿನ ಮಹಡಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಕೆಳಗಿದ್ದವರ ಎದೆ ಧಸಕ್ಕೆನ್ನುವ ಹಾಗೆ ಬೋಲ್ಟ್ ಬಿಗಿಯುತ್ತಾನಲ್ಲ, ಅದನ್ನು ನೋಡುವುದೇ ಒಂದು ಸೊಗಸು.

ಅವನ ಸೂತ್ರ ಒಂದೇ: ಪೈಪು ಗಿಡ್ಡ ಇದ್ದಷ್ಟೂ ಕೋಣೆ ಬೇಗ ತಣ್ಣಗಾಗುತ್ತದೆ. ಹಾಗಾಗಿ ದೊಡ್ಡ ಕಟ್ಟಡದ ಮನೆಗಳ ಹೊರಪೆಟ್ಟಿಗೆಗಳನ್ನೆಲ್ಲ, ಅದೇ, ಗಿರಗಿರ ತಿರುಗುತ್ತಾ ಒಳಗಿನ ಸೆಕೆಯನ್ನು ಹೊರಗೆ ಉಗುಳುತ್ತವಲ್ಲ ಅವನ್ನು, ಹಿಂದಿನ ಗಲ್ಲಿಯ ಕಡೆಗೇ ಸಾಲಾಗಿ ಹಾಕಿದ. ಗಲ್ಲಿ ತಾನೇ, ಯಾರು ಕೇಳುತ್ತಾರೆ.

ಗಲ್ಲಿಯ ಆಚೆ ಬದಿಗೆ ಅವನ ಚಿಕ್ಕಮ್ಮನ ಕೋಣೆ, ಅದರ ಕಿಟಕಿ ಗಲ್ಲಿಯ ಕಡೆಗೇ. ಅಮ್ಮ ತೀರಿಕೊಂಡ ಮೇಲೆ ಅವನು ಬೆಳೆದದ್ದೇ ಅಲ್ಲಿ, ಅವಳ ಹೊಲಿಗೆ ಮಿಷನ್ನಿನ ಪಕ್ಕ, ಬಟ್ಟೆಚೂರುಗಳ ಗುಡ್ಡೆಯ ಮೇಲೆ ಮಲಗಿ. ಮೊದಲ ಪೆಟ್ಟಿಗೆ ಹಾಕುವಾಗ, ಒಂದು ತಾನೇ, ಏನಾದೀತು ಅಂದುಕೊಂಡ. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟ.

ಈ ಬೇಸಿಗೆಯ ಒಂದು ಮಧ್ಯಾಹ್ನ ಹೋಗಿ ನೋಡಿದರೆ, ಚಿಕ್ಕಮ್ಮ ಕಿಟಕಿಗೆ ಹಳೇ ದುಪ್ಪಟಿ ಮೊಳೆ ಹೊಡೆದು ಕೂತಿದ್ದಳು. ಹೊಲಿಯುತ್ತಿದ್ದ ಬಿಳಿ ಶರ್ಟಿನ ಮೇಲೆ ಬೆವರು ಬೀಳದಿರಲೆಂದು ಹಣೆಗೆ ಟವೆಲ್ಲು ಬಿಗಿದಿದ್ದಳು.

“ಏನು ಚಿಕ್ಕಮ್ಮ, ಪೈಲ್ವಾನರ ಥರ ಕಾಣ್ತಿದೀಯ?”

“ಹೂಂ, ಕಿಟಕಿ ಜೊತೆ ಕುಸ್ತಿ. ಮುಚ್ಚಿದ್ರೆ ಉಸಿರು ಕಟ್ಟತ್ತೆ, ತೆಗೆದ್ರೆ ಒಲೆ ಮುಂದೆ ಕೂತ ಹಾಗೆ. ಮೊನ್ನೆ ತಲೆ ತಿರುಗಿ ಮಿಷನ್ ಮೇಲೇ ಬಿದ್ದೆ ಕಣೋ.” ದಾರವನ್ನು ಹಲ್ಲಲ್ಲಿ ಕಡಿದಳು. “ಈ ಶರ್ಟುಗಳು ಮುಗಿದ್ರೆ ಕೋಣೆ ಬಿಟ್ಬಿಡ್ತೀನಿ. ಮಿಷನ್ ಯಾರಿಗಾದ್ರೂ ಕೊಡ್ಸು.”

ತಂಪಣ್ಣನ ಹಾಡು ಅಲ್ಲೇ ನಿಂತಿತು. ಮಿಷನ್ ಇಲ್ಲದ ಚಿಕ್ಕಮ್ಮನನ್ನು ಅವನು ನೋಡಿದ್ದೇ ಇಲ್ಲ. ಆ ಬಿಸಿ ನನ್ನದು ಎಂದು ಹೇಳಲು ಬಾಯಿ ಬರಲಿಲ್ಲ. ಬೆಳಗಾಗುತ್ತಲೇ ರಿಪೇರಿ ಮಾಡಿದ ಹಳೇ ಏಸಿಯೊಂದನ್ನು ಹೊತ್ತು ತಂದ.

“ಇದು ನಿಂಗೆ. ಎಲ್ಲೂ ಹೋಗಬೇಡ.”

ಅವಳು ಏಸಿಯನ್ನು ಸುತ್ತಲೂ ನೋಡಿದಳು. “ಇದರ ಬಿಸಿ ಎಲ್ಲಿಗೆ ಬಿಡ್ತೀಯ?”

“ಹಿಂದಿನ ಗೋಡೆಗೆ. ಪೈಪು ಗಿಡ್ಡ ಸಾಕು.”

“ಅಲ್ಲಿ ಯಾರಿದಾರೆ?”

ಅವನು ಹಿಂದಿನ ಗೋಡೆಯ ಕಡೆ ತಿರುಗಿದ. ಆ ಗೋಡೆಗೆ ಅಂಟಿದ ಕಿಟಕಿ ಚಪ್ಪಲಿ ಹೊಲಿಯುವವನ ಮನೆಯದು. ಒಳಗೆ ಅವನ ಸೊಸೆ, ಹಸಿ ಬಾಣಂತಿ.

“ಕೂಸಿನ ಮುಖಕ್ಕೆ ಊದ್ತೀಯಾ?” ಚಿಕ್ಕಮ್ಮನ ದನಿ ಏರಲಿಲ್ಲ. “ಲೋ, ನಾನೇನು ಕುರುಡೀನಾ? ಎದುರುಗೋಡೇಲಿ ನೇತಾಡ್ಕೊಂಡು ಹಾಡ್ತಿದ್ದೋನು ಯಾರು ಅಂತ ಗೊತ್ತಾಗಲ್ವಾ? ನನ್ನ ಕೈತುತ್ತು ತಿಂದ ಗಂಟಲು ಅದು.”

“ಮತ್ತೆ ಯಾಕೆ ಬೈಲಿಲ್ಲ?”

“ನಿನ್ನ ಹೊಟ್ಟೆಪಾಡು ಅಂತ ಸುಮ್ನಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ಅವನು ಏಸಿ ಎತ್ತಿಕೊಂಡು ಮೆಟ್ಟಿಲಿಳಿದ. ತಂಪು ಅನ್ನುವುದನ್ನು ಅವನು ಯಾವತ್ತೂ ತಯಾರಿಸಿರಲಿಲ್ಲ. ಒಬ್ಬರ ಸೆಕೆಯನ್ನು ಎತ್ತಿ ಇನ್ನೊಬ್ಬರ ಮನೆಗೆ ಸುರಿದಿದ್ದ, ಅಷ್ಟೇ. ಅದೂ ಸಾಲದೆಂಬಂತೆ ಏಸಿಯೊಳಗೆ ತುಂಬುವ ಗ್ಯಾಸು. ಹೊಸದು ತುಂಬುವ ಮೊದಲು ಹಳೇದನ್ನು ಸಿಲಿಂಡರಿಗೆ ಎಳೆದುಕೊಳ್ಳಬೇಕು, ಗಾಳಿಗೆ ಬಿಟ್ಟರೆ ಅದು ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಅಂತ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಎಳೆಯಲು ಹೊತ್ತು ಹಿಡಿಯುತ್ತದೆ. ಅವನು ಸುಸ್ಸ್ ಎಂದು ಬಿಟ್ಟುಬಿಡುತ್ತಿದ್ದ. ಆ ಸದ್ದು ಅವನಿಗೆ ಇಷ್ಟ ಬೇರೆ.

ದೊಡ್ಡ ಕಟ್ಟಡದ ಬಾಗಿಲು ಬಾಗಿಲು ತಟ್ಟಿದ. ಪೆಟ್ಟಿಗೆಗಳನ್ನು ತಾರಸಿಗೆ ಸಾಗಿಸುತ್ತೇನೆ, ಪೈಪೂ ನನ್ನದು ಕೂಲಿಯೂ ನನ್ನದು ಅಂದ. “ಈಗೇನು ತೊಂದ್ರೆ? ಚೆನ್ನಾಗೇ ಇದೆಯಲ್ಲಪ್ಪ,” ಅಂದರು ಒಬ್ಬರು. “ಪೈಪು ಉದ್ದ ಆದ್ರೆ ತಂಪು ಕಮ್ಮಿ ಅಂತ ನೀನೇ ಹೇಳಿದ್ದೆ,” ಅಂದರು ಇನ್ನೊಬ್ಬರು. ಅವನ ಮಾತನ್ನೇ ಅವನ ಬಾಯಿಗೆ ತುರುಕಿದ ಹಾಗಾಯಿತು. ಕೊನೆಗೆ ಹಲ್ಲಿನ ಡಾಕ್ಟರಮ್ಮ ಒಬ್ಬರೇ ಒಪ್ಪಿದರು.

ಅವರ ಯಂತ್ರದ ಗ್ಯಾಸನ್ನು ಚೂರೂ ಸೋರದ ಹಾಗೆ ಎಳೆದುಕೊಂಡು, ಪೆಟ್ಟಿಗೆಯನ್ನು ತಾರಸಿಗೆ ಸಾಗಿಸಿ ಶುರು ಮಾಡಿದ. ಬಿಸಿಗಾಳಿ ಮುಖಕ್ಕೇ ಹೊಡೆಯಿತು. ಇಲ್ಲಿ ಕಿಟಕಿ ಇಲ್ಲ, ಸರಿ. ಆದರೆ ಮೇಲಿರುವುದು ಎಲ್ಲರ ಆಕಾಶ. ಅದರಾಚೆಗೆ ಒಯ್ಯಲು ಅವನ ಹತ್ತಿರ ಪೈಪಿರಲಿಲ್ಲ.

ಸಂಜೆ ಚಿಕ್ಕಮ್ಮನ ಕೋಣೆಗೆ ಬಂದ. ದುಪ್ಪಟಿಯ ಒಂದು ಮೂಲೆಯ ಮೊಳೆ ಕಿತ್ತು ಬಿಚ್ಚಿದ್ದಳು.

“ಒಂದು ತೆಗೆದೆ ಚಿಕ್ಕಮ್ಮ. ಉಳಿದವ್ರು ಒಪ್ತಿಲ್ಲ.”

“ಗೊತ್ತಾಯ್ತು. ಆ ಮೂಲೇಲಿ ಕಿಟಕಿ ಸ್ವಲ್ಪ ಉಸಿರಾಡ್ತಿದೆ.”

“ಮಿಷನ್ ತಗೊಳ್ಳೋಕೆ ಯಾರಿಗಾದ್ರೂ ಹೇಳ್ಲಾ?”

ಅವಳು ಸೂಜಿಗೆ ದಾರ ಪೋಣಿಸಿದಳು. “ಉಳಿದ ಮೊಳೆ ನೀನು ಯಾವಾಗ ಕೀಳ್ತೀಯೋ ನೋಡೋಣ. ಅಲ್ಲೀವರೆಗೂ ಹೊಲೀತಿರ್ತೀನಿ.”

ಅವನು ಈಗಲೂ ಬಾಗಿಲು ತಟ್ಟುತ್ತಿದ್ದಾನೆ. ಹಾಡು ಮಾತ್ರ ಕೇಳಿಸುತ್ತಿಲ್ಲ.