ಅದೆಲ್ಮೊ ಬಳಿದ ಗೋಡೆ

ನಮ್ಮ ಕಾಸ್ತೆಲ್‌ವೆರ್ನೊದಲ್ಲಿ ಬಣ್ಣ ಬಳಿಯುವ ಅದೆಲ್ಮೊನಷ್ಟು ಜಂಬದವನು ಇನ್ನೊಬ್ಬನಿಲ್ಲ. ವಯಸ್ಸು ಎಪ್ಪತ್ತಾದರೂ ಯಾವ ಗೋಡೆಯ ಮುಂದೆ ನಿಂತರೂ ಅಂಗೈಯಿಂದ ಒಮ್ಮೆ ತಟ್ಟಿ, ಇದನ್ನು ಬಳಿದವನು ಯಾವ ದಡ್ಡ ಎಂದು ಕೇಳದೆ ಮುಂದಕ್ಕೆ ಹೋಗುವವನಲ್ಲ. ಅವನಿಗೆ ಮೆಚ್ಚುಗೆಯಾದ ಗೋಡೆ ಊರಿಗೆಲ್ಲ ಒಂದೇ, ಸಂತ ರೊಕ್ಕೊನ ಚಿಕ್ಕ ಇಗರ್ಜಿಯ ಮೂಡಣ ಗೋಡೆ. ಕಾರಣ ಕೇಳಬೇಕಾಗಿಲ್ಲ, ಅದನ್ನು ಬಳಿದವನು ಅವನೇ.

ಅವನ ಅಪ್ಪ ಓರೆಸ್ತೆ ಸುಣ್ಣ ಬಿಟ್ಟು ಬೇರೇನನ್ನೂ ಮುಟ್ಟದವನು. ಒಂದು ವರ್ಷ ದಮ್ಮು ಹೆಚ್ಚಾಗಿ ಅವನು ಹಾಸಿಗೆ ಹಿಡಿದ. ಹತ್ತೊಂಬತ್ತರ ಅದೆಲ್ಮೊ ಆಗ ಇಗರ್ಜಿಯ ಕೆಲಸವನ್ನು ಮೊದಲ ಬಾರಿಗೆ ಒಬ್ಬನೇ ಒಪ್ಪಿಕೊಂಡ. ಸಿಯೆನಾದಿಂದ ಹೊಸದಾಗಿ ಬಂದಿದ್ದ ಪ್ಲಾಸ್ಟಿಕ್ ಬಣ್ಣದ ಡಬ್ಬಿಗಳನ್ನು ತಂದು, ಆ ಗೋಡೆಗೆ ಒರಗಿಸಿದ್ದ, ಪಾದ್ರಿಗಳ ನಿಲುವಂಗಿ ಇಡುವ ದೊಡ್ಡ ಅಕ್ರೋಟು ಮರದ ಬೀರುವನ್ನೂ ಗೆಳೆಯರ ಕೈಲಿ ಸರಿಸಿ, ಮೂಲೆಮೂಲೆಗೂ ಬಳಿದ. ಮರುವಾರ ಕಡ್ಡಾಯ ಸೈನ್ಯಸೇವೆಗೆಂದು ಉತ್ತರದ ರೈಲು ಹತ್ತಿದ.

ಸೇವೆ ಮುಗಿಸಿ ಬಂದಾಗಲೂ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. "ನೋಡಪ್ಪ, ನಿನ್ನ ಸುಣ್ಣ ಆಗಿದ್ರೆ ಇಷ್ಟೊತ್ತಿಗೆ ಉದುರಿರೋದು," ಎಂದು ಅಪ್ಪನನ್ನು ಕೆಣಕಿದ. ಓರೆಸ್ತೆ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆ ಕಣೋ," ಎಂದ. ಮಾತು ಕಡಿಮೆಯ ಅಪ್ಪನ ಬಾಯಿಂದ ಬಂದ ಆ ಎರಡು ಪದಗಳ ಮೇಲೆ ಅದೆಲ್ಮೊ ಐವತ್ತು ವರ್ಷ ಜಂಬ ಕೊಚ್ಚಿಕೊಂಡ.

ಹೋದ ವಸಂತದಲ್ಲಿ ಫ್ಲಾರೆನ್ಸಿನಿಂದ ಒತ್ತಾವಿಯಾ ಎಂಬ ವಿಜ್ಞಾನಿ ಹೆಂಗಸು ಯಂತ್ರಗಳ ಪೆಟ್ಟಿಗೆಗಳೊಂದಿಗೆ ಬಂದಿಳಿದಳು. ಐನೂರು ವರ್ಷದ ಹಿಂದೆ ದೊಡ್ಡ ಚಿತ್ರಕಾರನೊಬ್ಬ ಆ ಗೋಡೆಯ ಮೇಲೆ ದೇವದೂತನನ್ನೂ ಮರಿಯಮ್ಮನನ್ನೂ ಬರೆದಿದ್ದನೆಂದೂ, ಪ್ಲೇಗಿನ ಕಾಲದಲ್ಲಿ ರೋಗ ತೊಲಗಲೆಂದು ಜನ ಅದರ ಮೇಲೆ ಸುಣ್ಣ ಹೊಡೆದರೆಂದೂ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಗೋಡೆಯನ್ನು ಕೆರೆಯದೆಯೇ ಅದನ್ನು ಹುಡುಕುವುದು ಒತ್ತಾವಿಯಾಳ ಕೆಲಸ. ಎಲ್ಲಕ್ಕಿಂತ ಮೇಲಿನ ಪದರ ಯಾವುದೆಂದು ಅವಳು ಕೇಳಿದಾಗ ಅದೆಲ್ಮೊ ಎದೆಯುಬ್ಬಿಸಿ ಪ್ಲಾಸ್ಟಿಕ್ ಎಂದ. ಅವಳ ಮುಖ ಸಪ್ಪಗಾಯಿತು.

ಪ್ಲಾಸ್ಟಿಕ್ ಬಳಿದರೆ ಗೋಡೆಯ ಉಸಿರು ಕಟ್ಟುತ್ತದೆ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಹಳೆಯ ಬಣ್ಣವೆಲ್ಲ ಪುಡಿಯಾಗುತ್ತದೆ ಎಂದು ಅವಳು ಮೆತ್ತಗೆ ತಿಳಿಸಿ ಹೇಳಿದಳು. ಹಾಗಾಗಿದ್ದರೆ ಯಂತ್ರ ಬೇರೆ ಊರಿಗೆ ಹೋಗುತ್ತದೆ. ಈ ಸುದ್ದಿ ಅದೆಲ್ಮೊನಿಗಿಂತ ಮೊದಲೇ ಊರವರು ಕೂತು ಕುಡಿಯುವ ಬಾರಿಗೆ ಮುಟ್ಟಿತ್ತು.

"ಪ್ಲೇಗು, ಭೂಕಂಪ, ಎರಡು ಯುದ್ಧ, ಯಾವುದಕ್ಕೂ ಸಾಯದೆ ಇದ್ದ ಮರಿಯಮ್ಮನ್ನ ನಮ್ಮ ಅದೆಲ್ಮೊ ನಾಲ್ಕು ಡಬ್ಬೀಲಿ ಮುಗಿಸಿಬಿಟ್ಟ," ಎಂದ ಕ್ಷೌರದ ವಾಸ್ಕೊ. ಎಲ್ಲರೂ ನಕ್ಕರು, ಅದೆಲ್ಮೊನೂ ನಕ್ಕ. ಆದರೆ ಕೈಲಿದ್ದ ಇಸ್ಪೀಟು ಮಗುಚಿಟ್ಟು, ವೈನು ಮುಟ್ಟದೆ ಎದ್ದು ಹೋದ. ಊರಿನ ಪುಣ್ಯವನ್ನೇ ತನ್ನ ಕೈಯಾರೆ ಕೊಂದೆನಲ್ಲ ಎಂಬ ಯೋಚನೆ ಅವನ ತಲೆಯಿಂದ ಹೋಗಲಿಲ್ಲ.

ಆದರೂ ಅಳತೆ ನಡೆದಷ್ಟು ದಿನ ಇಗರ್ಜಿ ಬಿಟ್ಟು ಕದಲಲಿಲ್ಲ. ಮುಷ್ಟಿಯಷ್ಟು ದೊಡ್ಡ ಯಂತ್ರ ಕಂಬಿಯ ಮೇಲೆ ತೆವಳುತ್ತ ಗೋಡೆಯೊಳಕ್ಕೆ ಅಲೆಗಳನ್ನು ಕಳಿಸುತ್ತಿತ್ತು. ಒಂದೊಂದು ಪದರದಿಂದ ಒಂದೊಂದು ಮರುದನಿ ಬಂದು, ಪರದೆಯ ಮೇಲೆ ಗೋಡೆ ಈರುಳ್ಳಿಯ ಸಿಪ್ಪೆಗಳಂತೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಒತ್ತಾವಿಯಾ ಅವನನ್ನು ಹತ್ತಿರ ಕರೆದಳು.

"ಎಲ್ಲಿದೆ ನಿಮ್ಮ ಪ್ಲಾಸ್ಟಿಕ್? ಮೇಲಿಂದ ತಳದವರೆಗೂ ಬರೀ ಸುಣ್ಣ."

"ನಿಮ್ಮ ಯಂತ್ರ ಕೆಟ್ಟಿರಬೇಕು ಡಾಕ್ಟರಮ್ಮ. ನಾನೇ ಬಳಿದಿದ್ದೀನಿ."

ತನ್ನನ್ನೇ ಪಾರುಮಾಡಲು ಬಂದ ಸಾಕ್ಷಿಯೊಡನೆ ಜಗಳಕ್ಕೆ ನಿಂತವನನ್ನು ನಾವು ಆವತ್ತೇ ನೋಡಿದ್ದು. ಆದರೆ ಬೀರುವನ್ನು ಸ್ವಲ್ಪ ಮುಂದಕ್ಕೆಳೆದು ಯಂತ್ರವನ್ನು ಅದರ ಹಿಂದಕ್ಕೆ ಬಿಟ್ಟಾಗ ಪ್ಲಾಸ್ಟಿಕ್ ಕಾಣಿಸಿತು. ಬೀರುವಿನ ಅಂಚಿಗೆ ಬಂದು ಗೆರೆ ಎಳೆದ ಹಾಗೆ ನಿಂತುಬಿಟ್ಟಿತ್ತು. ಅಲ್ಲಿಂದಾಚೆ ಮೇಲಿನ ಸುಣ್ಣದ ಅಡಿಯಲ್ಲಿ ಕೆರೆದ ಗುರುತುಗಳು, ಗೋಡೆಯುದ್ದಕ್ಕೂ.

ಬೆಂಚಿನ ಮೇಲೆ ಜಪಮಾಲೆ ಹಿಡಿದು ಕೂತಿದ್ದಳು ಎರ್ಸಿಲಿಯಾ. ತೊಂಬತ್ತು ದಾಟಿದ ಅವಳು ಹುಡುಗಿಯಾಗಿದ್ದಾಗಿನಿಂದ ಇಗರ್ಜಿಯ ಬೀಗದ ಕೈ ಇಟ್ಟುಕೊಂಡವಳು.

"ಯಂತ್ರಾನ ಬೈಬೇಡ ಕಣೋ," ಎಂದಳು. "ನಿಮ್ಮಪ್ಪ ಕೆರೆದದ್ದು. ಹೇಳಬಾರದು ಅಂತ ಆಣೆ ಹಾಕಿಸಿದ್ದ. ಈಗ ಯಂತ್ರಾನೇ ಹೇಳಿದ ಮೇಲೆ ನಂದೇನು?"

ಅದೆಲ್ಮೊ ರೈಲು ಹತ್ತಿದ ಚಳಿಗಾಲದಲ್ಲೇ ಗೋಡೆ ಬೆವರತೊಡಗಿ ಗುಳ್ಳೆ ಎದ್ದಿತ್ತಂತೆ. ಓರೆಸ್ತೆ ಹಾಸಿಗೆಯಿಂದೆದ್ದು ಬಂದು, ಒದ್ದೆ ಬಟ್ಟೆ ಹಚ್ಚಿ ನೆನೆಸಿ, ದಿನಕ್ಕೆ ಒಂದು ಮೊಳದಷ್ಟು ಕೆರೆಯುತ್ತ, ಕೆಮ್ಮು ಬಂದಾಗ ಅದೇ ಬೆಂಚಿನ ಮೇಲೆ ಕೂರುತ್ತಿದ್ದನಂತೆ. ಬೀರು ಅವನೊಬ್ಬನ ಕೈಲಿ ಅಲುಗಲಿಲ್ಲ. ಕೊನೆಗೆ ಎರ್ಸಿಲಿಯಾ ತಂದುಕೊಟ್ಟ ಹಾಲನ್ನು ಸುಣ್ಣಕ್ಕೆ ಬೆರೆಸಿ ಬಳಿದ, ಉದುರದಿರಲೆಂದು.

"ಯಾರನ್ನಾದ್ರೂ ಜೊತೆಗೆ ಕರ್ಕೋ ಅಂದೆ. 'ಬೇಡ, ಊರಿಗೆ ಗೊತ್ತಾಗತ್ತೆ. ಹುಡುಗ ಮೊದಲ ಸಲ ಒಬ್ಬನೇ ಮಾಡಿದ ಕೆಲಸ, ಯಾರೂ ನಗಬಾರದು' ಅಂದ."

"ಒಳಗೆ ಚಿತ್ರ ಇದೆ ಅಂತ ಕೆರೆದನಾ?" ಅದೆಲ್ಮೊ ಕೇಳಿದ.

"ಚಿತ್ರ ಗಿತ್ರ ಅವನಿಗೇನು ಗೊತ್ತು. ಗೋಡೆಗೆ ಉಸಿರಾಡಕ್ಕೆ ಆಗ್ತಿಲ್ಲ ಅಂದ, ಅಷ್ಟೆ."

ಊರ ಗೋಡೆಗಳನ್ನೆಲ್ಲ ಅಂಗೈಯಲ್ಲಿ ತೂಗುತ್ತಿದ್ದವನಿಗೆ ತನ್ನದೇ ಗೋಡೆ ಸುಣ್ಣವೋ ಪ್ಲಾಸ್ಟಿಕ್ಕೋ ತಿಳಿದಿರಲಿಲ್ಲ. ಇನ್ನೊಂದು ದಿನವಾಗಿದ್ದರೆ ವಾಸ್ಕೊ ಅದಕ್ಕೆ ಏನಾದರೂ ಹೇಳದೆ ಬಿಡುತ್ತಿರಲಿಲ್ಲ, ಆವತ್ತು ಟೋಪಿ ತೆಗೆದು ಕೈಲಿ ಹಿಡಿದ. ಸುಣ್ಣದ ಪದರಗಳ ತಳದಲ್ಲಿ ಒಂದು ರೆಕ್ಕೆ, ಬಾಗಿದ ಒಂದು ತಲೆ ಪರದೆಯ ಮೇಲೆ ಮಸುಕಾಗಿ ಮೂಡಿದಾಗ ಎರ್ಸಿಲಿಯಾ ತಾನೇ ಹೋಗಿ ಗಂಟೆ ಬಾರಿಸಿದಳು.

ಅದೆಲ್ಮೊ ಕೇಳಿಕೊಂಡದ್ದು ಒಂದೇ, ಬೀರುವಿನ ಹಿಂದೆ ಉಳಿದ ಪ್ಲಾಸ್ಟಿಕ್ಕನ್ನು ತಾನೇ ತೆಗೆಯಬೇಕೆಂದು. ಅದರ ಅಡಿಯ ಚಿತ್ರವೆಲ್ಲ ಪುಡಿಯಾಗಿತ್ತು, ಇನ್ನು ಕೆಡುವುದೇನೂ ಉಳಿದಿರಲಿಲ್ಲ. ಒತ್ತಾವಿಯಾ ಒಪ್ಪಿದಳು. ಬೀರು ಸರಿಸಿಕೊಟ್ಟು ನಾವು ಹೊರಗೆ ಕಾದೆವು. ಒದ್ದೆ ಬಟ್ಟೆ ಹಚ್ಚಿ, ಕಾದು, ಕೆರೆದು, ಮತ್ತೆ ಹಚ್ಚಿ, ಬೆಳಗಿನಿಂದ ಸಂಜೆಯವರೆಗೆ ಅವನ ಕೈಲಾದದ್ದು ಒಂದು ಮೊಳ. ತೋಳು ಎತ್ತಲು ಬರುತ್ತಿರಲಿಲ್ಲ. ಉಸಿರಿಗೆ ತಿಣುಕುತ್ತಿದ್ದ ಅಪ್ಪ ಕೆರೆದ ಉಳಿದ ಗೋಡೆಯನ್ನು ಅವನು ಮೇಲಿಂದ ಕೆಳಗೆ ನೋಡಿದ.

ಆಮೇಲೆ ಹತ್ತಿರ ಹೋಗಿ, ಎಂದಿನಂತೆ ಅಂಗೈಯಿಂದ ಒಮ್ಮೆ ತಟ್ಟಿದ.

"ಚೆನ್ನಾಗಿದೆ ಕಣಪ್ಪ," ಎಂದ.