ಚೇಂಬರಿಗೆ ಇಳಿದ ಭಾನುವಾರ

ತ್ರಿವೇಣಿ ಮೊದಲಿಂದಲೂ ಪುಕ್ಕಲು. ಮದುವೆಯಾಗಿ ಬಾಗಲಕೋಟೆಯಿಂದ ಪುಣೆಗೆ ಬಂದು ಎಷ್ಟೋ ವರ್ಷವಾದರೂ ಲಿಫ್ಟಿನಲ್ಲಿ ಒಬ್ಬಳೇ ಹೋದವಳಲ್ಲ. ಗಂಡ ಶಂಕ್ರೆಪ್ಪ ಬಟ್ಟೆ ಅಂಗಡಿಯ ಗುಮಾಸ್ತ. ಮನೆಯ ರಿಪೇರಿಯನ್ನೆಲ್ಲ ತಾನೇ ಮಾಡಬೇಕೆನ್ನುವ ಹಟದವನು.

ಆ ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಕಪ್ಪು ನೀರು ಉಕ್ಕಿ ಅಡುಗೆಮನೆಯ ಹೊಸ್ತಿಲಿಗೆ ಬಂತು. ಶಂಕ್ರೆಪ್ಪ ಅಂಗಳದ ಚರಂಡಿ ಚೇಂಬರಿನ ಮುಚ್ಚಳ ಎತ್ತಿದ. ಆಳುದ್ದದ ಗುಂಡಿ. ತಳದಲ್ಲಿ, ಪೈಪಿನ ಬಾಯೊಳಗೆ ಅತ್ತಿಮರದ ಬೇರು ಗಂಟುಗಂಟಾಗಿ ತುಂಬಿಕೊಂಡಿತ್ತು. ಕುಡುಗೋಲು ಹಿಡಿದು ಇಳಿಯಲು ಹೊರಟ.

“ಬ್ಯಾಡ್ರಿ, ಒಳಗ ಗ್ಯಾಸ್ ಇರ್ತದಂತ. ಮಷೀನಿನವರನ್ನ ಕರಸೂಣು.”

“ನಿನಗ ಎಲ್ಲಾದಕ್ಕೂ ಅಂಜಿಕೀನ. ನಾಕು ಏಟು ಹಾಕಿದ್ರ ಮುಗೀತು.”

ಅವಳು ಪಟ್ಟು ಬಿಡಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು, “ಇದನ್ನರೇ ಕಟ್ಟಿಕೊಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದು ಅಳತೊಡಗಿದಳು. ರಗಳೆ ತಪ್ಪಲೆಂದು ಅವನು ಕಂಕುಳ ಸುತ್ತ ಕಟ್ಟಿಸಿಕೊಂಡು ಇಳಿದ.

ಮೊದಲು ಕುಡುಗೋಲಿನ ಸದ್ದು ಕೇಳಿತು. ಆಮೇಲೆ ಒಂದು ಕೆಮ್ಮು. ಆಮೇಲೆ ಏನೂ ಇಲ್ಲ.

“ರೀ... ಮಾತಾಡ್ರಿ!”

ಬಗ್ಗಿ ನೋಡಿದರೆ ಗಂಡನ ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಕೊಳೆತ ಮೊಟ್ಟೆಯಂಥ ನಾತ ಮೂಗಿಗೆ ಬಡಿಯಿತು. “ಧಾವಾ, ಧಾವಾ!” ಎಂದು ಮರಾಠಿಯಲ್ಲಿ ನೆರವಿಗಾಗಿ ಕಿರುಚಿದ್ದು ತಾನೇ ಎಂಬುದೂ ತ್ರಿವೇಣಿಗೆ ತಿಳಿಯಲಿಲ್ಲ.

ಪಕ್ಕದ ಮನೆಯ ಮೋಹನದಾಸ್ ಓಡಿಬಂದವನೇ ಗುಂಡಿಗೆ ಕಾಲಿಟ್ಟ. ಅವಳು ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

“ಇಳಿಬ್ಯಾಡ್ರಿ, ನೀವೂ ಸಾಯ್ತೀರಿ! ಹಗ್ಗ ಜಗ್ರಿ!”

ಅವನಿಗೆ ಕನ್ನಡ ಬಾರದು, ಆದರೂ ಅರ್ಥವಾಯಿತು. ಇಬ್ಬರೂ ಜಗ್ಗಿದರು. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಮೆತ್ತಿತು. ಭಾರದ ದೇಹ ಅರ್ಧ ಬಂದು ಗುಂಡಿಯ ಅಂಚಿಗೆ ಸಿಕ್ಕಿಕೊಂಡಿತು. “ಜೇಜುರಿ ಮಲ್ಲಯ್ಯಾ, ಕೈ ಬಿಡಬ್ಯಾಡೋ” ಎಂದು ಬಡಬಡಿಸುತ್ತ ಅವಳು ಹಿಡಿತ ಸಡಿಲಿಸದೆ ನಿಂತಳು. ಅಷ್ಟರಲ್ಲಿ ಓಣಿಯವರು ಕೂಡಿ, ಶಂಕ್ರೆಪ್ಪನ ರಟ್ಟೆಗೆ ಕೈಹಾಕಿ ಮೇಲಕ್ಕೆತ್ತಿದರು.

ಆಸ್ಪತ್ರೆಯಲ್ಲಿ ಸಂಜೆಯವರೆಗೂ ಶಂಕ್ರೆಪ್ಪ ಕಣ್ಣು ತೆರೆಯಲಿಲ್ಲ. ತೆರೆದವನು ಆಕ್ಸಿಜನ್ ಮಾಸ್ಕಿನೊಳಗಿಂದಲೇ, “ನೀರು ಹೋತೇನ?” ಎಂದು ಕೇಳಿದ. ಸುತ್ತಲಿದ್ದವರು ನಕ್ಕರು. ತ್ರಿವೇಣಿ ಮಾತ್ರ ಗೋಡೆಗೊರಗಿ ಕುಸಿದು ಕುಳಿತಳು.

ಮುಂದಿನ ವಾರ ಯಂತ್ರದವರು ಬಂದು ಬೇರು ಕತ್ತರಿಸಿ ತೆಗೆದು, ಬಿರುಕುಬಿಟ್ಟ ಪೈಪು ಬದಲಿಸಿದರು. ಅತ್ತಿ ದತ್ತ ದೇವರ ಮರವೆಂದು ಯಾರೂ ಅದಕ್ಕೆ ಕೊಡಲಿ ಹಾಕಲಿಲ್ಲ.

ಈಗಲೂ ಬಚ್ಚಲಿನ ನೀರು ಸ್ವಲ್ಪ ತಡೆದು ಹರಿದರೆ ಸಾಕು, ತ್ರಿವೇಣಿ ನಲ್ಲಿ ನಿಲ್ಲಿಸಿ, “ರೀ, ಎಲ್ಲಿದ್ದೀರಿ?” ಎಂದು ಕೂಗುತ್ತಾಳೆ. ಶಂಕ್ರೆಪ್ಪ ಯಾವ ಕೆಲಸದಲ್ಲಿದ್ದರೂ ಬಿಟ್ಟು, “ಇಲ್ಲೇ ಅದೀನಿ” ಎನ್ನುತ್ತಾನೆ.