ಅಕ್ಕ ಹೊತ್ತು ತಂದ ಸೀಟು

ಮೊನ್ನೆ ಬಳ್ಳಾರಿಯಲ್ಲಿ ನನ್ನ ಸ್ಕೂಟರಿನ ಸೀಟಿಗೆ ಕವರ್ ಹೊಲಿಸಲು ಹೋಗಿದ್ದೆ. ಇಕ್ಕಟ್ಟಿನ ಅಂಗಡಿ. ಒಳಗೆಲ್ಲ ಹೊಸ ರೆಕ್ಸಿನ್ನಿನ ವಾಸನೆ, ಅದರ ಜೊತೆ ಅಂಟಿನ ವಾಸನೆ. ಅಂಗಡಿಯವರು ಕುರ್ಚಿ ಎಳೆದುಕೊಟ್ಟರೂ ಕೂರಲಾಗಲಿಲ್ಲ. ಹೊರಗೆ ಬಂದು ಬಿಸಿಲಲ್ಲೇ ನಿಂತೆ. ತೀರಿಹೋದವರು ಕೆಲವರಿಗೆ ಮಲ್ಲಿಗೆಯ ವಾಸನೆಗೆ ನೆನಪಾಗುತ್ತಾರಂತೆ. ನನ್ನ ಅಕ್ಕ ನನಗೆ ರೆಕ್ಸಿನ್ನಿನ ವಾಸನೆಗೆ ನೆನಪಾಗುತ್ತಾಳೆ...

ಅಕ್ಕನನ್ನು ಕುರುಗೋಡಿನಿಂದ ಸಿರುಗುಪ್ಪಕ್ಕೆ ಕೊಟ್ಟಿದ್ದೆವು. ಭಾವನವರದು ಭತ್ತ ಬೆಳೆಯುವ ಮನೆತನ. ಮದುವೆಗೆ ಅಪ್ಪ ಬುಲೆಟ್ ಕೊಡಿಸಿದರು. ನೋಡಲು ಹಳೆಯ ಕಾಲದ ಗಾಡಿ, ಇಂಜಿನ್ ಮಾತ್ರ ಹೊಸದು, ಗುಂಡಿ ಒತ್ತಿದರೆ ಶುರುವಾಗುವಂಥದ್ದು. ಶೋರೂಮಿಗೆ ತಂಗಿ ಅಂತ ನಾನೂ ಹೋಗಿದ್ದೆ. ಕಡುಹಸಿರು ಬಣ್ಣ ಆರಿಸಿದವಳು ಅಕ್ಕ. ಮಾರಾಟದವರು ಬೇರೆ ಸೈಲೆನ್ಸರು, ಬೇರೆ ಹ್ಯಾಂಡಲ್ಲು ತೋರಿಸಿದಾಗ ಭಾವ ಬೇಡವೆಂದು ಕೈಯಾಡಿಸಿದರು.

"ಏನೂ ಬ್ಯಾಡ್ರಿ. ಕಂಪನಿಯವ್ರು ಹೆಂಗ ಮಾಡ್ಯಾರೋ ಹಂಗ ಇರ್ಲಿ. ಅವ್ರೇನು ದಡ್ಡರಾ?"

ಅಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಮನೆಗೆ ಬಂದವರೇ ಅಮ್ಮನಿಗೆ, "ಇದ್ದದ್ದರಾಗ ಖುಷಿ ಪಡೋ ಮನಷ್ಯಾ ಅದಾನ. ನಿನ್ನ ಮಗಳು ಗೆದ್ಲು ಬಿಡು," ಎಂದರು.

ಮೊದಲ ವರ್ಷಗಳಲ್ಲಿ ಅಪ್ಪನ ಮಾತು ನಿಜವೇ ಆಗಿತ್ತು. ಅಮಾವಾಸ್ಯೆ ಬಂತೆಂದರೆ ಇಬ್ಬರೂ ಸಿರಿಗೇರಿ ಮೇಲೆ ಹಾಯ್ದು ನಮ್ಮೂರಿಗೆ ಬರುತ್ತಿದ್ದರು. ಅಕ್ಕ ಒಂದು ಕಡೆಗೆ ಕಾಲಿಟ್ಟು, ಭಾವನ ಹೆಗಲ ಮೇಲೆ ಕೈಯಿಟ್ಟು ಕೂತಿರುತ್ತಿದ್ದಳು. ಇಳಿದವಳೇ ಸೆರಗಿನಿಂದ ಹಿಂದಿನ ಸೀಟಿನ ಧೂಳು ಒರೆಸುತ್ತಿದ್ದಳು. ಆಮೇಲೆಯೇ ನಮ್ಮ ಕಡೆ ನೋಡುವುದು.

ಆಮೇಲೆ ಗಣಿಯ ದುಡ್ಡು ಬಂತು. ಬಳ್ಳಾರಿಯ ಸುತ್ತ ಮರಗಳು, ಗೋಡೆಗಳು, ಒಣಹಾಕಿದ ಬಟ್ಟೆಗಳು ಎಲ್ಲ ಕೆಂಪಾದವು. ಭಾವ ಗೆಳೆಯರ ಜೊತೆ ಸೇರಿ ಅದಿರು ಸಾಗಿಸುವ ಲಾರಿ ಇಟ್ಟರು. ಬಳ್ಳಾರಿಯಲ್ಲಿ ರೂಮು ಮಾಡಿದರು. ಆ ಗೆಳೆಯರ ಗಾಡಿಗಳಲ್ಲಿ ಒಂದೂ ಕಂಪನಿಯಿಂದ ಬಂದ ಹಾಗೆ ಇರಲಿಲ್ಲ. ಒಮ್ಮೆ ನಮ್ಮ ಮನೆಯ ಮುಂದೆಯೇ ಅವರಲ್ಲೊಬ್ಬ ಭಾವನ ಗಾಡಿ ನೋಡಿ ನಕ್ಕ.

"ಏನಲೇ, ಹಾಲು ಹಾಕಾಕ ಹೊಂಟೀಯೇನು? ಎರಡು ಕ್ಯಾನ್ ಕಟ್ಟಿಬಿಡು, ಚಂದ ಕಾಣ್ತೈತಿ!"

ಭಾವನೂ ನಕ್ಕರು. ಆದರೆ ಆ ನಗು ಅವರದ್ದಾಗಿರಲಿಲ್ಲ.

ಮೊದಲು ಸೈಲೆನ್ಸರು ಹೋಯಿತು. ಭಾವ ಬರುವುದು ಊರಿಗೆಲ್ಲ ಗೊತ್ತಾಗತೊಡಗಿತು. ಆಮೇಲೆ ಹ್ಯಾಂಡಲ್ಲು, ಆಮೇಲೆ ಕನ್ನಡಿಗಳು. ಕಡುಹಸಿರು ಹೋಗಿ ಹೊಳಪಿಲ್ಲದ ಕಪ್ಪು ಬಂತು. ಆಮೇಲೆ ಸೀರೆ ಗಾಲಿಗೆ ಸಿಗದಂತೆ ಹಿಂದೆ ಹಾಕಿರುತ್ತಾರಲ್ಲ, ಆ ಕಂಬಿಯ ಗಾರ್ಡು ತೆಗೆಸಿದರು. ಅಕ್ಕ ಚೂಡಿದಾರ ಹೊಲಿಸಿಕೊಂಡಳು. ಅವಳ ಅತ್ತೆ, "ಇದೇನವ್ವಾ, ಮತ್ತ ಸಾಲಿಗೆ ಹೊಂಟೀಯೇನು?" ಎಂದು ಚುಚ್ಚಿದರಂತೆ. "ನಿಮ್ಮ ಮಗ ಗಾಡಿ ಬದಲು ಮಾಡ್ಯಾರ್ರಿ ಅತ್ತಿ, ಅದಕ್ಕ ಹೊಂದ್ಕೋಬೇಕಲ್ಲ," ಎಂದು ಉತ್ತರ ಕೊಟ್ಟಿದ್ದನ್ನು ಅಕ್ಕ ನಮ್ಮ ಮುಂದೆ ಹೇಳಿ ನಕ್ಕಿದ್ದಳು. ನಾವೂ ನಕ್ಕಿದ್ದೆವು...

ಕೊನೆಗೆ ಹಿಂದಿನ ಸೀಟು ತೆಗೆಸಿದರು. ಒಬ್ಬರೇ ಕೂರುವ ಗಾಡಿಯೇ ಆಗ ಬಳ್ಳಾರಿಯಲ್ಲಿ ದೊಡ್ಡ ಶೋಕಿ.

"ನಾ ಎಲ್ಲಿ ಕುಂದ್ರಲಿ?" ಎಂದು ಅಕ್ಕ ಕೇಳಿದಳಂತೆ.

"ಬಸ್ ಅದಾವಲ್ಲ," ಎಂದರಂತೆ.

ಮರುದಿನ ಅಕ್ಕ ಬಸ್ಸಿಗೇ ಬಂದಳು. ಕಂಕುಳಲ್ಲಿ ಟವೆಲ್ ಸುತ್ತಿದ ಗಂಟು. ಅದರೊಳಗೆ ಆ ಸೀಟು. ಅಮ್ಮ ಗಾಬರಿಯಾಗಿ, "ಇದೇನ ಮಗಳಽ?" ಎಂದಳು.

"ಅಪ್ಪ ಕೊಡಿಸಿದ ಗಾಡಿಯಾಗ ನನ್ನ ಪಾಲಿಂದು ಇಷ್ಟಽ ಬೇ," ಎಂದಳು ಅಕ್ಕ.

ಮಣೆ ಸರಿಸಿ, ಆ ಸೀಟನ್ನೇ ಒಲೆಯ ಮುಂದೆ ಹಾಕಿಕೊಂಡು ರೊಟ್ಟಿ ಬಡಿಯಲು ಕೂತಳು. ಕಾದ ಹಂಚಿನ ಬಿಸಿಗೆ ರೆಕ್ಸಿನ್ನು ವಾಸನೆ ಬಿಡುತ್ತಿತ್ತು.

ನಮ್ಮ ಕಡೆ ಮುನಿಸಿಕೊಂಡು ತವರಿಗೆ ಬಂದವಳು ತಾನಾಗಿ ಹೋಗುವುದಿಲ್ಲ. ಗಂಡ ಬಂದು ಕರೆಯಬೇಕು. ಅಕ್ಕ ಕಾದಳು. ಅಪ್ಪ ಸಿರುಗುಪ್ಪಕ್ಕೆ ಹೋಗಿ ಮಾತಾಡಿ ಬಂದರು. ಸುಗ್ಗಿ ಮುಗಿಯಿತು, ಮತ್ತೊಂದು ಸುಗ್ಗಿ ಬಂತು, ಭಾವ ಬರಲಿಲ್ಲ. ಮಕ್ಕಳಾಗಲಿಲ್ಲವಲ್ಲ, ಅದಕ್ಕೇ ಎಂದು ಜನ ಅಂದರು. ನಾನು ಅದನ್ನು ನಂಬುವುದಿಲ್ಲ. ದುಡ್ಡು ಬಂದಿತ್ತು, ಅಷ್ಟೆ.

ಗಣಿ ನಿಂತಿತು. ಲಾರಿಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತವು. ಒಂದು ಬೆಳಿಗ್ಗೆ ಭಾವ ನಮ್ಮ ಬಾಗಿಲಿಗೆ ಬಂದರು. ಆ ದೊಡ್ಡ ಸದ್ದೇ ಇರಲಿಲ್ಲ. ಹಳೆಯ ಸೈಲೆನ್ಸರು, ಹಳೆಯ ಹ್ಯಾಂಡಲ್ಲು, ಎರಡೂ ಕನ್ನಡಿ. ಗಾಡಿ ಮತ್ತೆ ಕಡುಹಸಿರಾಗಿತ್ತು. ಸೀರೆ ಗಾರ್ಡು ಕೂಡ ತನ್ನ ಜಾಗದಲ್ಲಿತ್ತು. ಕಿಟಕಿಯಿಂದ ಅದನ್ನು ನೋಡಿದ ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈಯಲ್ಲಿ ಹಿಟ್ಟಿತ್ತು.

"ಲೇ, ಎಲ್ಲಾ ಮೊದಲಿನಂಗ ಮಾಡಿಸ್ಯಾರ," ಎಂದಳು.

ಭಾವ ಅಪ್ಪನ ಜೊತೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಒಳಗೆ ಅಕ್ಕ ಸೀರೆ ಉಟ್ಟಳು, ಬ್ಯಾಗು ತುಂಬಿಕೊಂಡಳು. ಅಮ್ಮ ಅವಳನ್ನು ದೇವರ ಮುಂದೆ ಕೂರಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಖಣ ಹಾಕಿ ಉಡಿ ತುಂಬಿದಳು. ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವುದು ಅದೇ ಅಲ್ಲವೇ. ಅಕ್ಕ ಸೆರಗಿನ ಗಂಟು ಹಿಡಿದುಕೊಂಡು ಹೊರಗೆ ಬಂದಳು.

ಭಾವ ಎದ್ದು ನಿಂತರು. ಅವಳ ಉಡಿ ನೋಡಿದರು, ಬ್ಯಾಗು ನೋಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು.

"ಆ ಸೀಟು ಬೇಕಾಗಿತ್ತು. ಗಾಡಿಗೆ ಗಿರಾಕಿ ಬಂದಾನ. ಎಲ್ಲಾ ಕಂಪನಿದಽ ಇರ್ಬೇಕಂತಾನ."

ಅಪ್ಪ ಎದ್ದರು. ಏನೋ ಹೇಳಲು ಹೋದರು, ಅಕ್ಕ ಕಣ್ಣಲ್ಲೇ ತಡೆದಳು. ಒಳಗೆ ಹೋಗಿ ಸೀಟು ತಂದಳು. ಅದಕ್ಕಂಟಿದ್ದ ಹಿಟ್ಟು ಒರೆಸಿ ಕೊಟ್ಟಳು. ಭಾವ ಜೇಬಿನಲ್ಲೇ ನಟ್ಟು ಬಿಗಿಯುವ ಪಾನಾ ತಂದಿದ್ದರು. ನಮ್ಮ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೀಟು ಬಿಗಿ ಮಾಡಿದರು. ಗಾಡಿ ಮದುವೆಯ ದಿನ ಇದ್ದ ಹಾಗೆಯೇ ಆಯಿತು. ಅದನ್ನು ಹತ್ತಿ, ಹಿಂದೆ ಖಾಲಿ ಬಿಟ್ಟುಕೊಂಡು ಹೋದರು.

ತುಂಬಿದ ಉಡಿಯನ್ನು ತವರಿನಲ್ಲಿ ಬಿಚ್ಚಬಾರದು ಎನ್ನುತ್ತಾರೆ. ಅಮ್ಮ ಅಳುತ್ತಿದ್ದಳು. ಅಕ್ಕ ಅಡುಗೆಮನೆಗೆ ಹೋಗಿ ಗಂಟು ಬಿಚ್ಚಿ, ಆ ಅಕ್ಕಿಯನ್ನೇ ತೊಳೆದು ಒಲೆಯ ಮೇಲಿಟ್ಟಳು. ಮಧ್ಯಾಹ್ನ ನಾವೆಲ್ಲ ಅದನ್ನೇ ಉಂಡೆವು.

ಆಮೇಲೆ ಅಕ್ಕ ಬಹಳ ವರ್ಷ ಇರಲಿಲ್ಲ. ಕಾಮಾಲೆ ಎಂದರು, ಔಷಧಿ ಮಾಡಿಸಿದೆವು... ಅವಳನ್ನು ಮಣ್ಣು ಮಾಡುವ ದಿನ ಭಾವ ಬಸ್ಸಿನಲ್ಲಿ ಬಂದರು. ಎಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ನನ್ನ ಬಗ್ಗೆ ಏನರ ಅಂದಿದ್ಲೇನವ್ವಾ?"

"ಇಲ್ರಿ," ಎಂದೆ.

ಅದು ನಿಜ. ಆ ದಿನದ ನಂತರ ಅಕ್ಕ ಅವರ ಮಾತನ್ನೇ ಎತ್ತಲಿಲ್ಲ, ಬೈಯಲೂ ಇಲ್ಲ. ಒಂದು ಶಾಪವನ್ನಾದರೂ ಹಾಕಿದ್ದರೆ ನಾನು ಅದನ್ನು ಅವರ ಮುಖಕ್ಕೆ ಹೇಳಿ ಹಗುರಾಗುತ್ತಿದ್ದೆ. ಅವಳು ಅಷ್ಟನ್ನೂ ಬಿಟ್ಟುಹೋಗಲಿಲ್ಲ. ಅವಳು ತೀರಿಕೊಂಡಾಗಿನ ವಯಸ್ಸನ್ನು ಈಗ ನಾನು ದಾಟಿದ್ದೇನೆ. ಅವಳ ಬದಲಿಗೆ ನಾನೇ ಬೈಯಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಕೇಳಿ ನಗಲು ಅಕ್ಕ ಇಲ್ಲ.